ಗೂಳಿಯನ್ನು ಕೆಡಹಬಲ್ಲ ಮೃಗ ಯಾವುದು?

ಕೊಬ್ಬಿ ಬೆಳೆದ ಗೂಳಿಯೊಂದನ್ನು ಯಾವ ಮೃಗ ಬೇಟೆಯಾಡಬಲ್ಲುದು ಎಂಬ ಪ್ರಶ್ನೆ ವಿದ್ಯಾರ್ಥಿಗಳ ನಡುವೆ ಮತ್ತೆ ಮತ್ತೆ ಹುಟ್ಟುವಂಥದು. ಒಬ್ಬನು ಹುಲಿಯ ಪಕ್ಷ ವಹಿಸುತ್ತಾನೆ, ಇನ್ನೊಬ್ಬನು ಸಿಂಹದ ಪಕ್ಷ. ಮೂರನೆಯವನು ಅಳಿದುಹೋದ ಖಡ್ಗದಂತಿ ಬೆಕ್ಕನ್ನೋ ಡೈನೋಸಾರನ್ನೋ ಕಣಕ್ಕೆ ಇಳಿಸುತ್ತಾನೆ. ವಾದ ಮಾತ್ರ ಮುಗಿಯುವುದಿಲ್ಲ. ಪ್ರಶ್ನೆಯನ್ನು ಕುಸ್ತಿಯ ಪ್ರಶ್ನೆಯಂತೆ ಕೇಳುವುದೇ ಇದಕ್ಕೆ ಕಾರಣ. ಅಖಾಡದಲ್ಲಿ ಇಬ್ಬರು ಜಟ್ಟಿಗಳು ಸೆಣಸಿದರೆ ಒಬ್ಬನು ಗೆಲ್ಲಲೇಬೇಕು. ಸೋತವನು ಮೈಯ ಮಣ್ಣನ್ನು ಕೊಡವಿಕೊಂಡು ಮನೆಗೆ ಹೋಗಬಹುದು. ಕಾಡಿನಲ್ಲಿ ಅಖಾಡವಿಲ್ಲ. ಅಲ್ಲಿ ಬೇಟೆಯೆಂಬುದು ಕೀರ್ತಿಯ ವಿಷಯವಲ್ಲ, ಅನ್ನದ ವಿಷಯ. ಇಂದು ಗೆದ್ದು ಒಂದು ಕಾಲು ಮುರಿದುಕೊಂಡ ಹುಲಿ ಮುಂದಿನ ತಿಂಗಳು ಉಪವಾಸದಿಂದ ಸಾಯುತ್ತದೆ.

ಹಾಗೆಂದು ಈ ಪ್ರಶ್ನೆಯನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವುದೂ ಸಲ್ಲದು. ಚಾಮರಾಜನಗರ, ಗುಂಡ್ಲುಪೇಟೆಗಳ ಕಾಡಂಚಿನಲ್ಲಿ ದನ ಸಾಕಿಕೊಂಡಿರುವ ರೈತನಿಗೆ ಇದು ಕೊಟ್ಟಿಗೆಯ ಬಾಗಿಲಿನ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹುಲಿಯು ಯಾವ ಗೂಳಿಯನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂಬುದು ಅದರ ಲಾಭನಷ್ಟದ ಲೆಕ್ಕಕ್ಕೆ ಸೇರಿದ ಮಾತು. ಆ ಲೆಕ್ಕವನ್ನು ನಾವು ತಿಳಿದುಕೊಂಡರೆ, ಕಾಡಿನ ಗೂಳಿಯನ್ನು ಉಳಿಸುವುದೂ ಊರಿನ ಹಸುವನ್ನು ಕಾಯುವುದೂ ಒಂದೇ ಕೆಲಸದ ಎರಡು ಭಾಗಗಳೆಂಬುದು ಸ್ಪಷ್ಟವಾಗುತ್ತದೆ.

ಮೊದಲು ನಮ್ಮ ಗೂಳಿ ಯಾವುದೆಂದು ಗೊತ್ತುಮಾಡಿಕೊಳ್ಳೋಣ. ಗುಂಡ್ಲುಪೇಟೆಯಿಂದ ಊಟಿಯ ಹಾದಿ ಹಿಡಿದು ಹಂಗಳವನ್ನು ದಾಟಿದರೆ ಬಂಡೀಪುರದ ಕಾಡು ಎದುರಾಗುತ್ತದೆ. ಮೈಸೂರು ಸಂಸ್ಥಾನದವರು ವೇಣುಗೋಪಾಲ ವನ್ಯಮೃಗ ಉದ್ಯಾನವೆಂದು ಗೊತ್ತುಪಡಿಸಿದ್ದ ಪ್ರದೇಶವೇ ಬೆಳೆದು, ೧೯೭೩ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದ ಮೊದಲ ಒಂಬತ್ತು ಹುಲಿಧಾಮಗಳಲ್ಲಿ ಒಂದಾಯಿತು. ಇಲ್ಲಿಯೂ, ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿಯೂ ವಾಸಿಸುವ ಕಾಟಿಯೇ ನಮ್ಮ ಗೂಳಿ. ಕಾಡೆಮ್ಮೆ, ಕಾಡುಕೋಣ ಎಂದೂ ಇದನ್ನು ಕರೆಯುವುದುಂಟು. ಹೆಸರಿನಲ್ಲಿ ಎಮ್ಮೆಯಿದ್ದರೂ ಇದು ಎಮ್ಮೆಯ ಕುಲಕ್ಕೆ ಸೇರಿದ್ದಲ್ಲ. ಪ್ರಾಣಿಶಾಸ್ತ್ರಜ್ಞರು ಇದನ್ನು ಬಾಸ್ ಗೌರಸ್ ಎಂದು ಹೆಸರಿಸಿದ್ದಾರೆ. ನಮ್ಮ ಕೊಟ್ಟಿಗೆಯ ದನವೂ ಬಾಸ್ ಎಂಬ ಆ ಜಾತಿಗೇ ಸೇರಿದುದು. ಅಂದರೆ ಕಾಟಿಯು ಹಳ್ಳಿಕಾರ್ ಎತ್ತಿನ ಕಾಡುವಾಸಿ ದಾಯಾದಿ.

ಪ್ರಾಯಕ್ಕೆ ಬಂದ ಗಂಡು ಕಾಟಿ ಸುಮಾರು ೮೦೦ರಿಂದ ೧,೦೦೦ ಕಿಲೋಗ್ರಾಂ ತೂಗುತ್ತದೆ. ಭುಜದ ಬಳಿ ಆಳೆತ್ತರ ನಿಲ್ಲುತ್ತದೆ. ಬೆನ್ನಿನ ಮುಂಭಾಗದಲ್ಲಿ ಕಶೇರುಮಣಿಗಳ ನೀಳವಾದ ಚಾಚುಗಳು ಮಾಂಸಖಂಡಗಳನ್ನು ಹೊತ್ತು ದಿಣ್ಣೆಯಂತೆ ಎದ್ದಿರುತ್ತವೆ. ಆ ದಿಣ್ಣೆಯ ಬಲವೆಲ್ಲ ಕತ್ತಿನ ಮೂಲಕ ಕೊಂಬುಗಳಿಗೆ ಇಳಿಯುತ್ತದೆ. ಮೊಣಕಾಲಿನಿಂದ ಕೆಳಗೆ ಬಿಳಿಯ ಕಾಲುಚೀಲ ತೊಟ್ಟಂತೆ ಕಾಣುವ ಈ ಪ್ರಾಣಿ ಸ್ವಭಾವತಃ ಸಾಧುವೇ ಸರಿ. ಮನುಷ್ಯನ ವಾಸನೆ ಬಂದರೆ ಸಾಮಾನ್ಯವಾಗಿ ಪೊದೆಗೆ ಸರಿದು ಮರೆಯಾಗುತ್ತದೆ. ಇದರ ಸಾಧುತನವನ್ನು ದೌರ್ಬಲ್ಯವೆಂದು ಬಗೆದ ಹುಲಿಗಳು ಕೊಂಬಿನ ತಿವಿತಕ್ಕೆ ಸಿಕ್ಕಿ ಸತ್ತ ಉದಾಹರಣೆಗಳು ಇಲ್ಲದಿಲ್ಲ.

ಇನ್ನು ಬೇಟೆಗಾರರ ಕಡೆ ನೋಡೋಣ. ನಮ್ಮ ಗಂಡು ಹುಲಿಯ ತೂಕ ೨೦೦ ಕಿಲೋಗ್ರಾಮಿನ ಆಸುಪಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹೆಣ್ಣು ಹುಲಿ ಅದಕ್ಕಿಂತ ಬಹಳ ಹಗುರ. ಭೌತಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಗಳು ಒಂದು ಚಿಕ್ಕ ಲೆಕ್ಕವನ್ನು ಮಾಡಿನೋಡಬಹುದು. ಅನುಕೂಲಕ್ಕಾಗಿ, ೨೦೦ ಕಿಲೋಗ್ರಾಮಿನ ಹುಲಿಯು ಸೆಕೆಂಡಿಗೆ ೧೨ ಮೀಟರಿನ ವೇಗದಲ್ಲಿ ಎರಗಿತೆಂದೂ, ೮೦೦ ಕಿಲೋಗ್ರಾಮಿನ ಕಾಟಿಯು ಸೆಕೆಂಡಿಗೆ ೮ ಮೀಟರಿನ ವೇಗದಲ್ಲಿ ಎದುರು ನುಗ್ಗಿತೆಂದೂ ಇಟ್ಟುಕೊಳ್ಳೋಣ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ ಬರುತ್ತದೆಯಷ್ಟೆ. ಹುಲಿಯ ಪಾಲಿಗೆ ಬಂದದ್ದು ೨,೪೦೦. ಕಾಟಿಯ ಪಾಲಿಗೆ ೬,೪೦೦. ಮುಖಾಮುಖಿ ಡಿಕ್ಕಿಯಲ್ಲಿ ಹುಲಿಯ ಗತಿ ಏನೆಂಬುದನ್ನು ಹೇಳಬೇಕಾದುದಿಲ್ಲ. ಹುಲಿಗೆ ಗುಣಾಕಾರ ಬಾರದಿರಬಹುದು; ಆದರೆ ಮುಖಾಮುಖಿ ಡಿಕ್ಕಿಗೆ ಅದು ಹೋಗುವುದಿಲ್ಲ.

ಹಾಗಾದರೆ ಅದು ಮಾಡುವುದೇನು? ಗಾಳಿಗೆ ಎದುರಾಗಿ, ಪೊದೆಯ ಮರೆಯಲ್ಲಿ, ಹೊಟ್ಟೆಯನ್ನು ನೆಲಕ್ಕೆ ತಾಗಿಸುವಂತೆ ಹತ್ತಿರ ಸಾರುತ್ತದೆ. ಕೆಲವೇ ಮಾರುಗಳ ದೂರದಿಂದ ಹಿಂಬದಿಗೋ ಪಕ್ಕಕ್ಕೋ ಎರಗುತ್ತದೆ. ಮುಂಗಾಲಿನ ಪಂಜಗಳಿಂದ ಹಿಡಿದು ಪ್ರಾಣಿಯ ಸಮತೋಲವನ್ನು ಕೆಡಿಸಿ, ಕೆಳಗಿನಿಂದ ಗಂಟಲಿಗೆ ಬಾಯಿ ಹಾಕಿ ಶ್ವಾಸನಾಳವನ್ನು ಅಮುಕಿ ಹಿಡಿಯುತ್ತದೆ. ಬೇಟೆ ತೀರ ದೊಡ್ಡದಾದರೆ ಮೊದಲು ಹಿಂಗಾಲಿನ ಸ್ನಾಯುರಜ್ಜುವನ್ನು ಕಚ್ಚಿ ಕುಂಟಾಗಿಸುವುದೂ ಉಂಟು. ಇಲ್ಲಿ ಕೆಲಸ ಮಾಡುವುದು ಮರೆ, ಕೋನ ಮತ್ತು ಉಸಿರುಗಟ್ಟಿಸುವ ತಾಳ್ಮೆ. ಇಷ್ಟೆಲ್ಲ ಮಾಡಿದರೂ ಹುಲಿಯ ಯತ್ನಗಳಲ್ಲಿ ಬಹುಪಾಲು ವಿಫಲವಾಗುತ್ತವೆ.

ಕಬಿನಿಯ ಜಲಾಶಯದ ಆಚೆಗೆ, ಬಂಡೀಪುರಕ್ಕೆ ಹೊಂದಿಕೊಂಡೇ ಇರುವ ನಾಗರಹೊಳೆಯ ಕಾಡಿನಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ಅವರು ನಡೆಸಿದ ಸಂಶೋಧನೆ ೧೯೯೫ರಲ್ಲಿ ಪ್ರಕಟವಾಯಿತು. ಒಂದೇ ಕಾಡಿನಲ್ಲಿ ಬಾಳುವ ಹುಲಿ, ಚಿರತೆ, ಸೀಳುನಾಯಿಗಳು ಏನನ್ನು ತಿನ್ನುತ್ತವೆಂಬುದನ್ನು ಅವರು ಪರೀಕ್ಷಿಸಿದರು. ಹುಲಿಯ ಮುಖ್ಯ ಬೇಟೆಗಳ ಸರಾಸರಿ ತೂಕ ೯೧.೫ ಕಿಲೋಗ್ರಾಂ, ಸೀಳುನಾಯಿಗಳದು ೪೩.೪, ಚಿರತೆಯದು ೩೭.೬. ಆದರೆ ಅದೇ ಸಂಶೋಧನೆಯು ಹುಲಿಯು ೧೭೬ ಕಿಲೋಗ್ರಾಮಿಗಿಂತ ಹೆಚ್ಚು ತೂಗುವ ಪ್ರಾಣಿಗಳನ್ನು ವಿಶೇಷವಾಗಿ ಆರಿಸಿಕೊಳ್ಳುತ್ತದೆಂದೂ, ಕಾಟಿ ಅದಕ್ಕೆ ಮೆಚ್ಚಿನ ಬೇಟೆಯೆಂದೂ ತೋರಿಸಿತು. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂದು ವಾಚಕರು ಭಾವಿಸಬಾರದು. ಕಾಡಿನಲ್ಲಿ ಜಿಂಕೆಗಳು ಬಹಳ, ಕಾಟಿಗಳು ಕಡಮೆ. ಎದುರಾದ ಜಿಂಕೆಯನ್ನೂ ಹುಲಿ ಬಿಡುವುದಿಲ್ಲವಾದುದರಿಂದ ಸರಾಸರಿ ಇಳಿಯುತ್ತದೆ. ಕಾಡಿನಲ್ಲಿರುವ ಪ್ರಮಾಣಕ್ಕೂ ಹುಲಿಯ ಊಟದಲ್ಲಿರುವ ಪ್ರಮಾಣಕ್ಕೂ ತಾಳೆ ನೋಡಿದಾಗ ಕಾಟಿಯ ಪಾಲು ಹೆಚ್ಚೆಂದು ಕಾಣುತ್ತದೆ. ಸಂತೆಯಲ್ಲಿ ಹೆಚ್ಚಾಗಿ ಕೊಳ್ಳುವ ವಸ್ತು ಒಂದು, ಮನಸ್ಸಿಗೆ ಹಿಡಿಸಿದ ವಸ್ತು ಇನ್ನೊಂದು ಆಗಿರಬಹುದಷ್ಟೆ. ಇಲ್ಲಿ ಕಾಟಿಯೆಂದರೆ ಕರು, ಪಡ್ಡೆ, ಹೆಣ್ಣು ಎಲ್ಲವೂ ಸೇರಿವೆ. ಪೂರ್ಣ ಬೆಳೆದ ಗಂಡನ್ನು ಕೂಡ ಹುಲಿ ಕೊಲ್ಲಬಲ್ಲುದು. ಮುದಿಯಾದ ಗಂಡುಗಳು ಹಿಂಡನ್ನು ಬಿಟ್ಟು ಒಂಟಿಯಾಗಿ ತಿರುಗುವುದು ಹುಲಿಗೆ ಅನುಕೂಲವೇ. ಆದರೆ ಅದು ದಿನದ ಊಟವಲ್ಲ, ಸಂದರ್ಭ ಕೂಡಿಬಂದಾಗಿನ ಸಾಹಸ.

ಚಿರತೆಯ ಮಾತು ಬೇರೆ. ಕಾಟಿಯ ಎಳೆಗರುವಿನಿಂದ ಮೇಲಕ್ಕೆ ಅದರ ಕೈ ಹೋಗುವುದಿಲ್ಲ. ಸೀಳುನಾಯಿ ಒಂಟಿಯಾಗಿ ಹದಿನೈದು ಕಿಲೋಗ್ರಾಂ ತೂಗುವ ಸಾಮಾನ್ಯ ಪ್ರಾಣಿ. ಗುಂಪಾದಾಗ ತನಗಿಂತ ಮೂರು ನಾಲ್ಕು ಪಟ್ಟು ತೂಕದ ಜಿಂಕೆಯನ್ನು ಓಡಿಸಿ ಕೆಡಹುತ್ತದೆ. ಎ. ಜೆ. ಟಿ. ಜಾನ್‌ಸಿಂಗ್ ಅವರು ೧೯೭೬ರಿಂದ ೧೯೭೮ರವರೆಗೆ ಬಂಡೀಪುರದಲ್ಲಿಯೇ ಸೀಳುನಾಯಿಗಳ ಜೀವನವನ್ನು ಅಭ್ಯಾಸ ಮಾಡಿದರು. ಅಲ್ಲಿ ಅವುಗಳ ಮುಖ್ಯ ಆಹಾರ ಚುಕ್ಕೆ ಜಿಂಕೆ. ಗುಂಪಿನ ಬಲಕ್ಕೂ ಒಂದು ಮಿತಿಯುಂಟೆಂಬುದನ್ನು ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನ ತಿಳಿಸುತ್ತದೆ. ಅಲ್ಲಿಗೆ ೧೯೯೫ರಲ್ಲಿ ಮರಳಿ ತಂದುಬಿಟ್ಟ ತೋಳಗಳು ಎಲ್ಕ್ ಎಂಬ ಜಿಂಕೆಯನ್ನು ಹಿಡಿಯಲು ಎರಡರಿಂದ ಆರು ಇದ್ದರೆ ಸಾಕು; ಆ ಬಳಿಕ ಗುಂಪು ಬೆಳೆದರೂ ಯಶಸ್ಸು ಬೆಳೆಯದು. ಕಾಡೆತ್ತಿನ ಜಾತಿಯ ಬೈಸನ್ನನ್ನು ಹಿಡಿಯಬೇಕಾದರೆ ಒಂಬತ್ತರಿಂದ ಹದಿಮೂರು ತೋಳಗಳವರೆಗೆ ಯಶಸ್ಸು ಏರುತ್ತ ಹೋಗುತ್ತದೆಂದು ೨೦೧೪ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಆಫ್ರಿಕದ ಸಿಂಹಗಳೂ ಕಾಡುಕೋಣದ ಗಂಡನ್ನು ಕೆಡಹುವುದು ಬಹುಮಟ್ಟಿಗೆ ಒಕ್ಕಟ್ಟಿನಿಂದಲೇ, ಮತ್ತು ಕೆಲವೊಮ್ಮೆ ತಮ್ಮವರಲ್ಲಿ ಒಬ್ಬರನ್ನು ಕಳೆದುಕೊಂಡು. ನಮ್ಮ ಹುಲಿಯ ವೈಶಿಷ್ಟ್ಯವೆಂದರೆ ಅದು ಇದೇ ಕೆಲಸವನ್ನು ಒಂಟಿಯಾಗಿ ಮಾಡುತ್ತದೆ.

ಅಳಿದುಹೋದ ಮೃಗಗಳ ಪಕ್ಷ ವಹಿಸಿದವರಿಗೂ ಉತ್ತರ ಸಲ್ಲಬೇಕು. ಖಡ್ಗದಂತಿ ಬೆಕ್ಕುಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕ ಖಂಡಗಳ ಸ್ಮೈಲೊಡಾನ್. ಇದರ ದೊಡ್ಡ ಜಾತಿ ಇಂದಿನ ಹುಲಿಗಿಂತಲೂ ಭಾರವಾಗಿದ್ದಿತು. ಮುಂಗಾಲುಗಳು ಕರಡಿಯವುಗಳಂತೆ ಬಲವಾಗಿದ್ದುವು. ಆದರೆ ಅದರ ನೀಳವಾದ ಕೋರೆಹಲ್ಲು ಚಪ್ಪಟೆಯಾದುದು, ಎಲುಬಿಗೆ ತಾಗಿದರೆ ಮುರಿಯಬಹುದಾದುದು. ದವಡೆಯ ಬಲವಂತೂ ಸಿಂಹದ ದವಡೆಯ ಮೂರನೆಯ ಒಂದು ಭಾಗದಷ್ಟೆಂದು ೨೦೦೭ರ ಒಂದು ಗಣನೆ ತೋರಿಸಿತು. ಬೇಟೆಯನ್ನು ಮೊದಲು ಮುಂಗಾಲುಗಳಿಂದ ನೆಲಕ್ಕೆ ಒತ್ತಿ ಅಲುಗದಂತೆ ಮಾಡಿ ಬಳಿಕ ಗಂಟಲನ್ನು ಸೀಳುವುದು ಅದರ ರೀತಿಯಾಗಿದ್ದಿರಬೇಕು. ಲಾಸ್ ಏಂಜಲಿಸ್ ನಗರದ ಡಾಂಬರು ಕುಣಿಗಳಲ್ಲಿ ಸ್ಮೈಲೊಡಾನಿನ ಎಲುಬುಗಳೂ ಪುರಾತನ ಬೈಸನ್ನಿನ ಎಲುಬುಗಳೂ ಒಟ್ಟಿಗೆ ದೊರೆತಿರುವುದರಿಂದ, ಇದು ಬೈಸನ್ನನ್ನೇ ತಿಂದು ಬದುಕಿತ್ತೆಂದು ಬಹುಕಾಲ ನಂಬಲಾಗಿತ್ತು. ೨೦೧೯ರಲ್ಲಿ ಪ್ರಕಟವಾದ ಹಲ್ಲುಗಳ ರಾಸಾಯನಿಕ ಪರೀಕ್ಷೆಯು, ಇದು ಹೆಚ್ಚಾಗಿ ಮರಗಿಡಗಳ ನಡುವೆ ಮೇಯುವ ಪ್ರಾಣಿಗಳನ್ನು ಹಿಡಿಯುತ್ತಿದ್ದಿತೆಂಬ ಬೇರೆಯ ಚಿತ್ರವನ್ನು ಕೊಟ್ಟಿದೆ. ಭಯಂಕರವಾದ ಹಲ್ಲನ್ನು ನೋಡಿ ಊಟದ ಎಲೆಯನ್ನು ಊಹಿಸಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ನಮ್ಮ ದೇಶದಲ್ಲಿಯೂ ಖಡ್ಗದಂತಿಗಳು ಇಲ್ಲದಿರಲಿಲ್ಲ. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳ ಶಿಲಾಪದರಗಳಲ್ಲಿ ಮೆಗಾಂತೆರಿಯಾನ್ ಎಂಬುದರ ಅವಶೇಷಗಳು ಸಿಕ್ಕಿವೆ.

ಡೈನೋಸಾರುಗಳ ಮಾತು ಬೇಗನೆ ಮುಗಿಯುತ್ತದೆ. ನರ್ಮದಾ ಕಣಿವೆಯಲ್ಲಿ ದೊರೆತು ೨೦೦೩ರಲ್ಲಿ ಹೆಸರು ಪಡೆದ ನಮ್ಮ ರಾಜಾಸಾರಸ್ ಆಗಲಿ, ಅಮೆರಿಕದ ಟಿರಾನೊಸಾರಸ್ ಆಗಲಿ ಗೂಳಿಯನ್ನು ಕೊಲ್ಲುವ ಬಲವುಳ್ಳವೇ. ಆದರೆ ಆ ವಂಶಗಳು ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಅಳಿದವು. ಗೊಡ್ಡುಗೊರಸಿನ ದನದ ವಂಶ ಕಾಣಿಸಿಕೊಂಡದ್ದು ಸುಮಾರು ಎರಡು ಕೋಟಿ ವರ್ಷಗಳ ಈಚೆಗೆ. ನಡುವೆ ನಾಲ್ಕು ಕೋಟಿ ವರ್ಷಗಳಿಗೂ ಮಿಕ್ಕಿದ ಅಂತರ. ಒಬ್ಬರನ್ನೊಬ್ಬರು ನೋಡದವರ ಕಾಳಗದಲ್ಲಿ ತೀರ್ಪು ಕೊಡುವುದು ವಿಜ್ಞಾನದ ಕೆಲಸವಲ್ಲ.

ಹೀಗೆ ಉಗುರು ಹಲ್ಲುಗಳ ಪಟ್ಟಿಯನ್ನು ಮುಗಿಸಿದ ಮೇಲೆ, ಪಟ್ಟಿಯಲ್ಲಿ ಯಾರೂ ಸೇರಿಸದಿದ್ದ ಇಬ್ಬರು ಬೇಟೆಗಾರರನ್ನು ಹೆಸರಿಸುವುದು ನನ್ನ ಕರ್ತವ್ಯ. ಮೊದಲನೆಯವನು ಮನುಷ್ಯ. ಏಷ್ಯ, ಯುರೋಪುಗಳಲ್ಲಿ ಹರಡಿಕೊಂಡಿದ್ದ ಆರಾಕ್ಸ್ ಎಂಬ ಕಾಡುದನ ನಮ್ಮೆಲ್ಲ ಸಾಕುದನಗಳ ಮೂಲ. ಡುಬ್ಬವುಳ್ಳ ನಮ್ಮ ನಾಡದನಗಳು ಅದರ ಭಾರತೀಯ ಶಾಖೆಯಿಂದ, ಸಿಂಧೂ ಪ್ರದೇಶದಲ್ಲಿ, ಸುಮಾರು ಎಂಟು ಸಾವಿರ ವರ್ಷಗಳ ಹಿಂದೆ ಪಳಗಿದುವು. ಹುಲಿ ಸಿಂಹಗಳ ನಡುವೆ ಲಕ್ಷಾಂತರ ವರ್ಷ ಬಾಳಿದ ಆ ಮಹಾವೃಷಭ ಬೇಟೆಗೆ, ಕಾಡು ಕಡಿತಕ್ಕೆ, ಸಾಕುದನಗಳ ರೋಗಕ್ಕೆ ಸಿಕ್ಕಿ ಕರಗಿತು. ಕೊನೆಯದೊಂದು ಹೆಣ್ಣು ೧೬೨೭ರಲ್ಲಿ ಪೋಲೆಂಡಿನ ಯಾಕ್ಟರೂವ್ ಕಾಡಿನಲ್ಲಿ ಸತ್ತುದರೊಂದಿಗೆ ಅದರ ಕುಲವೇ ನಿಂತುಹೋಯಿತು.

ಎರಡನೆಯದು ಕಣ್ಣಿಗೆ ಕಾಣದ ಬೇಟೆಗಾರ. ನಮ್ಮ ಹಿರಿಯರು ದೊಡ್ಡರೋಗವೆಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಒಂದು ವೈರಸ್ಸಿನಿಂದ ಬರುವ ರೋಗ. ಆ ವೈರಸ್ ಮಕ್ಕಳಿಗೆ ದಡಾರವನ್ನು ತರುವ ವೈರಸ್ಸಿನ ಹತ್ತಿರದ ನೆಂಟ. ಗಾತ್ರದಲ್ಲಿ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದೆರಡು ಭಾಗ. ೧೮೯೦ರ ದಶಕದಲ್ಲಿ ಇದು ಆಫ್ರಿಕದಲ್ಲಿ ಹರಡಿ ದನಗಳನ್ನೂ ಕಾಡುಕೋಣಗಳನ್ನೂ ಗುಂಪುಗುಂಪಾಗಿ ನೆಲಕ್ಕೆ ಉರುಳಿಸಿತು. ೧೯೬೮ರಲ್ಲಿ ಬಂಡೀಪುರ ಮುದುಮಲೆಗಳ ಕಾಟಿಗಳಿಗೆ ಇದೇ ರೋಗ ತಗುಲಿತು. ಯಾವ ಹುಲಿಯ ಪಂಜಕ್ಕೂ ಜಗ್ಗದ ಗಂಡುಗಳು, ತುಂಬಿದ ಹಿಂಡುಗಳು, ಕೆಲವೇ ಕಾಲದಲ್ಲಿ ನಾಶವಾದುವು. ಹುಲಿ ಒಂದು ಸಲಕ್ಕೆ ಒಂದನ್ನು ಕೊಲ್ಲುತ್ತದೆ, ಅದೂ ದುರ್ಬಲವಾದುದನ್ನು ಹುಡುಕಿ. ರೋಗಕ್ಕೆ ಆ ವಿವೇಚನೆಯಿಲ್ಲ. ಗೂಳಿಯನ್ನು ಕೆಡಹಬಲ್ಲವರಲ್ಲಿ ಅಗ್ರಸ್ಥಾನ ಯಾರದೆಂದು ಯಾರಾದರೂ ಒತ್ತಾಯಪಡಿಸಿ ಕೇಳಿದರೆ, ನಾನು ಈ ವೈರಸ್ಸಿನ ಕಡೆಗೆ ಕೈ ತೋರಿಸುತ್ತೇನೆ.

ಆದರೆ ಈ ಬೇಟೆಗಾರನನ್ನು ಮನುಷ್ಯನೇ ಗೆದ್ದನೆಂಬುದು ಹೆಮ್ಮೆಯಿಂದ ಹೇಳಬೇಕಾದ ಸಂಗತಿ. ಹಿಮಾಲಯದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ೧೯೨೦ರ ದಶಕದಲ್ಲಿ ಜೆ. ಟಿ. ಎಡ್ವರ್ಡ್ಸ್ ಎಂಬವರು ವೈರಸ್ಸನ್ನು ಆಡುಗಳ ಮೈಯಲ್ಲಿ ಸತತವಾಗಿ ಹಾಯಿಸಿ, ಅದರ ಉಗ್ರತೆಯನ್ನು ತಗ್ಗಿಸಿ, ಲಸಿಕೆಯನ್ನು ಸಿದ್ಧಪಡಿಸಿದರು. ಅನಂತರ ಇನ್ನೂ ಉತ್ತಮವಾದ ಲಸಿಕೆಗಳು ಬಂದುವು. ಪಶುವೈದ್ಯರು ಹಳ್ಳಿ ಹಳ್ಳಿಗೂ ಹೋಗಿ ದನಗಳಿಗೆ ಚುಚ್ಚಿದರು. ನಮ್ಮ ದೇಶದಲ್ಲಿ ಕೊನೆಯ ಸಲ ಈ ರೋಗ ಕಂಡುಬಂದದ್ದು ೧೯೯೫ರಲ್ಲಿ. ೨೦೦೬ರಲ್ಲಿ ಭಾರತ ರೋಗಮುಕ್ತವೆಂದು ಅಂಗೀಕೃತವಾಯಿತು. ೨೦೧೧ರಲ್ಲಿ ಇಡೀ ಪ್ರಪಂಚವೇ ಮುಕ್ತವಾಯಿತೆಂದು ಸಾರಲಾಯಿತು. ಸಿಡುಬಿನ ಬಳಿಕ ಭೂಮಿಯಿಂದಲೇ ನಿರ್ಮೂಲವಾದ ಎರಡನೆಯ ರೋಗ ಇದು. ಇದರಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕಾಡಿನ ಕಾಟಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಊರಿನ ದನಕ್ಕೆ ಚುಚ್ಚಿದ ಲಸಿಕೆಯೇ ಕಾಡಿನ ಕಾಟಿಯನ್ನೂ ಕಾಪಾಡಿತು. ಊರು ಕಾಡುಗಳ ಹಿತ ಎಷ್ಟು ಹೆಣೆದುಕೊಂಡಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ರೈತನ ಕೊಟ್ಟಿಗೆಗೆ ಬರೋಣ. ಹುಲಿಯ ಲೆಕ್ಕವನ್ನು ಮೇಲೆ ನೋಡಿದೆವು: ಮಾಂಸ ಹೆಚ್ಚಿರಬೇಕು, ಅಪಾಯ ಕಡಮೆಯಿರಬೇಕು. ನಾಡಹಸು ಇನ್ನೂರು ಮುನ್ನೂರು ಕಿಲೋಗ್ರಾಂ ತೂಗುತ್ತದೆ. ಅಂದರೆ ಹುಲಿ ಇಷ್ಟಪಟ್ಟು ಆರಿಸುವ ತೂಕದ ವರ್ಗಕ್ಕೇ ಸೇರುತ್ತದೆ. ಅದಕ್ಕೆ ಕಾಟಿಯ ಕೊಂಬಿಲ್ಲ, ಕಾಟಿಯ ಎಚ್ಚರವಿಲ್ಲ, ಓಡುವ ಚಾಳಿ ತಪ್ಪಿಹೋಗಿದೆ. ಹೀಗಿರುವಲ್ಲಿ ಕಾಡಂಚಿನಲ್ಲಿ ಮೇಯುವ ಹಸುವನ್ನು ಹುಲಿ ಹಿಡಿದರೆ ಅದು ಕ್ರೌರ್ಯವೂ ಅಲ್ಲ, ದ್ವೇಷವೂ ಅಲ್ಲ. ಆದರೆ ರೈತನ ಪಾಲಿಗೆ ಆ ಹಸು ಮನೆಯ ಹಾಲು, ಹೊಲದ ಗೊಬ್ಬರ, ಮಗಳ ಮದುವೆಗೆ ಕೂಡಿಸಿದ ಹಣ. ಅವನ ಸಂಕಟವನ್ನು ಪಟ್ಟಣದಲ್ಲಿ ಕುಳಿತು ಹಗುರವಾಗಿ ಕಾಣುವುದು ಅನ್ಯಾಯ.

ಸಂಕಟವು ಕೋಪಕ್ಕೆ ತಿರುಗಿದಾಗ ಏನಾಗುತ್ತದೆಂಬುದನ್ನು ೨೦೨೫ರಲ್ಲಿ ನಾಡೆಲ್ಲ ಕಂಡಿತು. ಜೂನ್ ೨೬ರಂದು ಇದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದುವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷವಿಟ್ಟಿದ್ದುದು ತನಿಖೆಯಲ್ಲಿ ಹೊರಬಿದ್ದಿತು. ಹುಲಿಯು ತನ್ನ ಬೇಟೆಯ ಬಳಿಗೆ ಮತ್ತೆ ಬರುತ್ತದೆಂಬ ಅದರ ಸ್ವಭಾವವೇ ಅದಕ್ಕೆ ಮೃತ್ಯುವಾಯಿತು. ವಿಷಕ್ಕೆ ಹುಲಿಯ ಗುರುತೂ ಇಲ್ಲ. ನರಿ, ಕಾಗೆ, ಹದ್ದು, ಊರಿನ ನಾಯಿ ಯಾವುದು ಬಾಯಿ ಹಾಕಿದರೂ ಅದಕ್ಕೆ ಒಂದೇ. ಒಂದು ಹುಲಿ ಸತ್ತರೆ ಆ ನೆಲ ಬರಿದಾಗಿ ಉಳಿಯುವುದೂ ಇಲ್ಲ. ನೆಲೆ ಹುಡುಕುತ್ತಿರುವ ಇನ್ನೊಂದು ಎಳೆಯ ಹುಲಿ ಅಲ್ಲಿಗೆ ಬರುತ್ತದೆ. ಹಸುವನ್ನು ಕಳೆದುಕೊಂಡವನಿಗೆ ವಿಷದಿಂದ ಹಸು ಮರಳುವುದಿಲ್ಲ, ಭಯವೂ ತೊಲಗುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಕಾಡಿನ ಗೂಳಿಗೆ ಹುಲ್ಲು ಬೇಕು. ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆಗಳಂಥ ಸುಮಾರು ೫೦ ಪ್ರಾಣಿಗಳು ಬೇಕಾಗುತ್ತವೆ. ಹತ್ತರಲ್ಲಿ ಒಂದನ್ನು ತಿಂದರೆ ಹಿಂಡು ಕುಗ್ಗದೆಂದು ಹಿಡಿದರೂ ಒಂದು ಹುಲಿಯ ಹಿಂದೆ ೫೦೦ ಪ್ರಾಣಿಗಳು ನಿಂತಿರಬೇಕು. ಅವುಗಳಲ್ಲಿ ಕಾಟಿಯಂಥ ದೊಡ್ಡ ಪ್ರಾಣಿಗಳಿದ್ದರೆ ಲೆಕ್ಕ ಸುಲಭವಾಗುತ್ತದೆ. ಆದರೆ ನಮ್ಮ ಕಾಡುಗಳ ನೆಲವನ್ನು ಲಂಟಾನ ನುಂಗುತ್ತಿದೆ. ಹೂವಿನ ಚೆಲುವಿಗೆಂದು ಪರದೇಶದಿಂದ ತಂದ ಈ ಗಿಡ ಬಿಳಿಗಿರಿರಂಗನ ಬೆಟ್ಟದಲ್ಲಿ ೧೯೯೭ರಲ್ಲಿ ಪರೀಕ್ಷಿಸಿದ ತಾಕುಗಳಲ್ಲಿ ನೂರಕ್ಕೆ ೪೧ರಲ್ಲಿ ಇದ್ದಿತು. ೨೦೦೮ರಲ್ಲಿ ನೂರಕ್ಕೆ ೮೧ರಲ್ಲಿ. ಅದರ ಪೊದೆಯ ಕೆಳಗೆ ಹುಲ್ಲು ಬೆಳೆಯದು. ಹಿಂದೆ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತುಹೋದುದೂ ಲಂಟಾನ ಹಬ್ಬಲು ಒಂದು ಕಾರಣವೆಂದು ಆ ಬೆಟ್ಟದ ಸೋಲಿಗರು ಹೇಳುತ್ತ ಬಂದಿದ್ದಾರೆ. ತಲೆತಲಾಂತರದಿಂದ ಕಾಡಿನಲ್ಲಿ ಬಾಳಿದವರ ಈ ಮಾತನ್ನು ಕಿವಿಗೊಟ್ಟು ಕೇಳಿ ಪರೀಕ್ಷೆಗೆ ಒಳಪಡಿಸುವುದು ವಿಜ್ಞಾನಿಗಳ ಧರ್ಮ. ಲಂಟಾನವನ್ನು ಬೇರುಸಹಿತ ಕಿತ್ತು ಹುಲ್ಲನ್ನು ಮರಳಿ ತರುವ ಕೆಲಸವನ್ನು ಹುಲಿ ರಕ್ಷಣೆಯ ಮೊದಲ ಕೆಲಸವೆಂದು ಎಣಿಸಬೇಕು.

ಎರಡನೆಯದಾಗಿ, ಕಾಡಿನೊಳಗೆ ಮೇಯುವ ದನಗಳ ವಿಷಯ. ಬಂಡೀಪುರದ ಅಂಚಿನ ಹಂಗಳದಲ್ಲಿ ಎಂ. ಡಿ. ಮಧುಸೂದನ ಅವರು ನಡೆಸಿ ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ವಿಸ್ಮಯವನ್ನು ಬೆಳಕಿಗೆ ತಂದಿತು. ಪ್ರಪಂಚದ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಏರಿದಾಗ ತೋಟಗಳಿಗೆ ಸಗಣಿ ಗೊಬ್ಬರ ಬೇಕಾಯಿತು. ಗೊಬ್ಬರಕ್ಕೆ ಬೆಲೆ ಬಂದುದರಿಂದ ಊರಿನಲ್ಲಿ ದನಗಳು ಹೆಚ್ಚಿದುವು. ಆ ದನಗಳು ಕಾಡಿನಲ್ಲಿ ಮೇಯ್ದುವು. ಕಾಡಿನ ಹುಲ್ಲು ಹೀಗೆ ಸಗಣಿಯ ರೂಪದಲ್ಲಿ ಕಾಫಿಯ ಗಿಡದ ಬುಡಕ್ಕೆ ಹೋಯಿತು. ಅವರೇ ೨೦೦೪ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ದನಗಳ ಸಂಖ್ಯೆ ಇಳಿದ ಮೇಲೆ ಕಾಟಿಗಳು ಚೇತರಿಸಿಕೊಂಡುದು ಕಂಡುಬಂದಿತು. ಇದರಿಂದ ರೈತನನ್ನು ದೂರುವುದು ತರವಲ್ಲ. ಗೊಬ್ಬರದ ಆದಾಯ ಅವನ ಬದುಕಿನ ಭಾಗ. ಮೇವನ್ನು ಊರಿನಲ್ಲಿಯೇ ಬೆಳೆಸುವುದಕ್ಕೂ, ಕಡಮೆ ದನಗಳಿಂದ ಹೆಚ್ಚು ಹಾಲು ಪಡೆಯುವುದಕ್ಕೂ ಅವನಿಗೆ ನೆರವಾಗದೆ, ಬರಿದೆ ಕಾಡಿಗೆ ದನ ಬಿಡಬೇಡವೆಂದು ಅಪ್ಪಣೆ ಹೊರಡಿಸಿದರೆ ಅದು ಕಾಗದದಲ್ಲಿ ಉಳಿಯುತ್ತದೆ.

ಮೂರನೆಯದಾಗಿ, ಲಸಿಕೆ ಮತ್ತು ಪರಿಹಾರ. ದೊಡ್ಡರೋಗ ಹೋದರೂ ಕಾಲುಬಾಯಿ ರೋಗ ಉಳಿದಿದೆ. ಅದು ದನಕ್ಕೂ ಕಾಟಿಗೂ ತಗುಲುವಂಥದು. ಕಾಡಂಚಿನ ಹಳ್ಳಿಗಳಲ್ಲಿ ಒಂದು ದನವನ್ನೂ ಬ���ಡದೆ ಲಸಿಕೆ ಹಾಕುವುದು ಕಾಡಿಗೂ ರಕ್ಷೆ. ಇನ್ನು ಹುಲಿಗೆ ದನವನ್ನು ಕಳೆದುಕೊಂಡವನಿಗೆ ಪರಿಹಾರವು ಅವನ ಕೋಪ ಆರುವ ಮುನ್ನವೇ ತಲುಪಬೇಕು. ತಿಂಗಳುಗಟ್ಟಲೆ ಕಚೇರಿಯ ಮೆಟ್ಟಿಲು ಹತ್ತಿಸಿ ಕೊಡುವ ಹಣ ವಿಷದ ಡಬ್ಬಿಯನ್ನು ಕೆಳಗಿಡಿಸಲಾರದು. ರಾತ್ರಿಯಲ್ಲಿ ದನಗಳಿಗೆ ಭದ್ರವಾದ ಕೊಟ್ಟಿಗೆಯೂ ಅಷ್ಟೇ ಅವಶ್ಯ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಕಾಟಿಗಳು ಹೆಚ್ಚಿದರೆ ಹುಲಿಗಳೂ ಹೆಚ್ಚಾವು. ಹೆಚ್ಚಿದ ಹುಲಿಗಳು ಊರಿನ ಕಡೆಗೇ ಬಾರವೇ? ಆಕ್ಷೇಪಣೆಯಲ್ಲಿ ಹುರುಳಿದೆ. ೨೦೨೨ರ ಗಣತಿಯಲ್ಲಿ ಕರ್ನಾಟಕದಲ್ಲಿ ೫೬೩ ಹುಲಿಗಳಿವೆಯೆಂದು ಅಂದಾಜಾಯಿತು. ನೆಲೆಯಿಲ್ಲದ ಎಳೆಯ ಹುಲಿಗಳೂ, ಹಲ್ಲು ಸವೆದ ಮುದಿ ಹುಲಿಗಳೂ ಕಾಡಂಚಿಗೆ ತಳ್ಳಲ್ಪಡುವುದು ನಿಜ. ಕಾಡಿನಲ್ಲಿ ಎಷ್ಟು ಕಾಟಿಗಳಿದ್ದರೂ ಈ ತೊಡಕು ಪೂರ್ತಿಯಾಗಿ ನೀಗುವುದಿಲ್ಲ. ಆದರೆ ಕಾಟಿಯಿಲ್ಲದ ಕಾಡಿನಲ್ಲಿ ಎಳೆಯದು, ಮುದಿಯದು ಮಾತ್ರವಲ್ಲ, ಗಟ್ಟಿಮುಟ್ಟಾದ ಹುಲಿಯೂ ಹಸುವಿನ ಮೇಲೆಯೇ ಬದುಕಬೇಕಾಗುತ್ತದೆ. ಎರಡು ತೊಡಕುಗಳಲ್ಲಿ ಯಾವುದು ಚಿಕ್ಕದೆಂಬುದನ್ನು ಆರಿಸಬೇಕಾಗಿ ಬಂದಾಗ ನಾನು ತುಂಬಿದ ಕಾಡಿನ ತೊಡಕನ್ನೇ ಆರಿಸುತ್ತೇನೆ. ಅದನ್ನು ಕಾವಲಿನಿಂದ, ಪರಿಹಾರದಿಂದ, ಎಚ್ಚರದಿಂದ ನಿರ್ವಹಿಸಬಹುದು. ಬರಿದಾದ ಕಾಡಿನ ತೊಡಕಿಗೆ ಮದ್ದಿಲ್ಲ.

ಗೂಳಿಯನ್ನು ಕೆಡಹಬಲ್ಲ ಮೃಗ ಯಾವುದೆಂದು ಕೇಳಿದ ವಿದ್ಯಾರ್ಥಿಗೆ ಈಗ ಉತ್ತರ ಹೇಳಬಹುದು. ಒಂಟಿಯಾಗಿ, ಅಪರೂಪವಾಗಿ, ಮರೆಯಿಂದ ಎರಗಿ ಕೆಡಹಬಲ್ಲುದು ಹುಲಿ. ಗುಂಪಾಗಿ ಕೆಡಹಬಲ್ಲವು ಸಿಂಹ ಮತ್ತು ತೋಳ. ಇವು ಯಾವುವೂ ಗೂಳಿಯ ಕುಲವನ್ನು ನಿರ್ಮೂಲ ಮಾಡಿದವಲ್ಲ; ಗೂಳಿಯ ಬಲವೂ ಹುಲಿಯ ಬಲವೂ ಒಂದನ್ನೊಂದು ತೀಡಿ ಬೆಳೆದಂಥವು. ಕುಲವನ್ನೇ ಅಳಿಸಬಲ್ಲವು ರೋಗ, ಹುಲ್ಲಿಲ್ಲದ ನೆಲ ಮತ್ತು ನಮ್ಮ ಅಲಕ್ಷ್ಯ. ಇವುಗಳಲ್ಲಿ ಮೊದಲನೆಯ ಶತ್ರುವನ್ನು ಒಮ್ಮೆ ನಾವು ಗೆದ್ದಿದ್ದೇವೆ. ಉಳಿದ ಎರಡನ್ನು ಗೆಲ್ಲುವ ಹೊಣೆ ಇಂದು ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ನಿಮ್ಮ ಮೇಲಿದೆ. ನಿಮ್ಮಲ್ಲಿ ಕೆಲವರಾದರೂ ಪಶುವೈದ್ಯರಾಗಿ, ಸಸ್ಯಶಾಸ್ತ್ರಜ್ಞರಾಗಿ, ಅರಣ್ಯಾಧಿಕಾರಿಗಳಾಗಿ ಗುಂಡ್ಲುಪೇಟೆಯ ಆ ಕಾಡಂಚಿನ ಹಳ್ಳಿಗಳಿಗೆ ಹೋಗಬೇಕಾಗಿದೆ.